ಎಲೆ ಶೆಡ್ಡಿನಲ್ಲಿ ಅಂತರಿಕ್ಷ ನೌಕೆ

ಗೆಳೆಯರೇ, ನನ್ನ ಈ ತಿಂಗಳ ಕಾಮಿಕ್ಸ್ ವಿಮರ್ಶೆ ಇವತ್ತು ಅರ್ಧಕ್ಕೇ ಕೆಟ್ಟುಹೋಯಿತು, ಕೇಳಿ.

ಮಧ್ಯಾಹ್ನ ನೀಲಗಿರಿಯ ನಮ್ಮೂರು ಕೆತ್ತಿಯ ಎಲೆ ಶೆಡ್ಡಿನಲ್ಲಿ ನಾವೆಲ್ಲ ಕೊಯ್ದ ಚಹಾ ಎಲೆ ಇಟ್ಟುಕೊಂಡು ಫ್ಯಾಕ್ಟರಿ ವ್ಯಾನಿಗೆ ಕಾಯುತ್ತಿದ್ದೆವು. ವ್ಯಾನಿನ ಸುಳಿವೇ ಇಲ್ಲ. ನಾನು ಹೊಸ ಸಂಚಿಕೆ ಓದಿ ಮುಗಿಸಿ ಫೋನಿನಲ್ಲಿ ಬರೆಯತೊಡಗಿದೆ: "ಈ ಸಲ ಕತೆ ಒಂದಿಂಚೂ ಮುಂದೆ ಹೋಗಿಲ್ಲ. ನೌಕೆಯಲ್ಲಿ ಬೆಳೆದ ಸೊಪ್ಪು ಒಯ್ಯಲು ಇನ್ನೊಂದು ನೌಕೆ ಬರಬೇಕು. ಬರುವುದಿಲ್ಲ. ಕ್ಯಾಪ್ಟನ್ ಪುಟಗಟ್ಟಲೆ ಕಿಟಕಿಯಾಚೆ ನೋಡುತ್ತಾಳೆ."

ಪಕ್ಕದಲ್ಲಿ ಚೀಲದ ಎಲೆ ಬಿಸಿಯಾಗದಿರಲಿ ಅಂತ ನೆಲಕ್ಕೆ ಸುರಿದು ಹರಡುತ್ತಿದ್ದ ಲಕ್ಷ್ಮಿ ಮಾಮಿ ಇಣುಕಿ, "ಏನಮ್ಮಾ ಕತೆ?" ಅಂದರು. ಹೇಳಿದೆ.

"ಅಯ್ಯೋ, ಅವಳ ಸೊಪ್ಪು ಚೀಲದಲ್ಲೇ ಬೆಂದುಹೋಗಲ್ವಾ?"

ಪುಟ ತಿರುಗಿಸಿ ತೋರಿಸಿದೆ. ಕ್ಯಾಪ್ಟನ್ ನೌಕೆಯ ನೆಲದ ತುಂಬ ಸೊಪ್ಪು ಹರಡಿಕೊಂಡು ಕೂತಿದ್ದಾಳೆ. ನನಗೆ ಬೇಸರ ತರಿಸಿದ್ದ ಪುಟವೇ ಅದು.

"ಜಾಣೆ, ಪಾಪ," ಅಂದರು ಮಾಮಿ. ಶೆಡ್ಡಿನ ಹೆಂಗಸರೆಲ್ಲ ಬಂದು ಸುತ್ತ ಕೂತರು. ನಾನು ಮೊದಲ ಪುಟದಿಂದ ಎಲ್ಲರಿಗೂ ಓದಿ ಹೇಳತೊಡಗಿದೆ.

ಅಷ್ಟರಲ್ಲಿ ವ್ಯಾನು ಬಂತು. ಡ್ರೈವರ್ ಹಾರ್ನ್ ಹೊಡೆದ. "ಬೇಗ ಬೇಗ, ಲೇಟಾಯ್ತು!"

"ಇರಪ್ಪಾ, ಇನ್ನೆರಡು ಪುಟ ಇದೆ. ಅವಳ ವ್ಯಾನು ಬಂತಾ ಅಂತ ನೋಡ್ಬೇಕು," ಅಂದರು ಮಾಮಿ.

ಕೊನೆಯ ಪುಟದಲ್ಲೂ ಬರಲಿಲ್ಲ. ಮಾಮಿ ನೇರ ಡ್ರೈವರನ ಕಡೆ ತಿರುಗಿದರು. "ಅಲ್ಲಪ್ಪಾ, ಬರೋದು ತಡ ಆಗುತ್ತೆ ಅಂತ ಒಂದು ಫೋನಾದ್ರೂ ಮಾಡಬಾರ್ದಾ? ಕಾಯೋರ ಕಷ್ಟ ಗೊತ್ತಾ ನಿಂಗೆ?" ಯಾರ ಪರವಾಗಿ ಬೈದರೋ, ಅವರಿಗೇ ಗೊತ್ತು.

ವಿಮರ್ಶೆ ತಿದ್ದಿದ್ದೇನೆ. ಸಂಚಿಕೆ ನಿಧಾನ, ನಿಜ. ಆದರೆ ಇವತ್ತು ನಮ್ಮ ಶೆಡ್ಡಿನಲ್ಲಿ ಅದು ನಿಧಾನ ಅನ್ನಿಸಿದ್ದು ಡ್ರೈವರಿಗೆ ಮಾತ್ರ.