ಗೋಡೆ ದಾಟಿ ಬಂದ ನೀರು

ಮಧ್ಯಾಹ್ನ ಉಂಡ ಮೇಲೆ ಜಗಲಿಯಲ್ಲಿ ಕೂತು ಬಾಯಿ ತೆರೆದು ನಿದ್ದೆ ಮಾಡುವುದು ನನ್ನ ಅಭ್ಯಾಸ. ಅಂಗಳದಲ್ಲಿ ಹರವಿದ ಚಟ್ಲಿಗೆ, ಅಂದರೆ ಸಿಗಡಿಗೆ, ಕಾಗೆ ಬಾರದ ಹಾಗೆ ಕಾಯುತ್ತೇನೆ ಎಂದು ಸೊಸೆಗೆ ಹೇಳುತ್ತೇನೆ. ಅವಳು ಬ್ರಹ್ಮಾವರದ ಬಟ್ಟೆ ಅಂಗಡಿಯ ಕೆಲಸಕ್ಕೆ ಬಸ್ಸು ಹತ್ತಿ ಹೋದ ಮೇಲೆ, ನಾನು ಕಾಗೆಗಳನ್ನು ಕಾಯುವುದು ಸ್ವಲ್ಪ, ಕಾಗೆಗಳು ನನ್ನನ್ನು ಕಾಯುವುದೇ ಹೆಚ್ಚು.

ಆ ದಿನವೂ ಹಾಗೆಯೇ. ಮಳೆ ಹಿಂದೆ ಸರಿದು ಒಳ್ಳೆಯ ಬಿಸಿಲು ಬಿದ್ದಿತ್ತು. ಕನಸಿನಲ್ಲಿ ನಾನು ದೋಣಿಯಲ್ಲಿ ಕೂತಿದ್ದೆ. ನನ್ನ ಗಂಡ ಬದುಕಿದ್ದಷ್ಟು ಕಾಲ ನನ್ನನ್ನು ದೋಣಿ ಹತ್ತಿಸಿದವನಲ್ಲ. ಕನಸಿನಲ್ಲಿಯೂ ಅವನಿರಲಿಲ್ಲ, ದೋಣಿ ಮಾತ್ರ ಇತ್ತು. ಅದು ತನ್ನಷ್ಟಕ್ಕೆ ಹೋಗುತ್ತಿತ್ತು. ಅಲೆ ಒಡೆದು ತುಂತುರು ಮುಖಕ್ಕೆ ಬೀಳುತ್ತಿತ್ತು, ಯಾರೋ ದೂರದಿಂದ ಊದಿದ ಹಾಗೆ. ಸುಖವಾಗಿತ್ತು. ತುಟಿ ನೆಕ್ಕಿದೆ. ಉಪ್ಪಿಲ್ಲ. ಉಪ್ಪಿಲ್ಲದ ಕಡಲು ಯಾವುದಪ್ಪ ಎಂದು ಯೋಚಿಸುವಾಗ ಎಚ್ಚರವಾಯಿತು. ಬಾಯಲ್ಲಿ ಪಾಚಿ.

ಪಕ್ಕದ ಮನೆಯ ಶೀನ ಹೊಸ ಪಂಪು ತಂದಿದ್ದ. ಕೈಯಲ್ಲಿ ಕೋವಿಯ ಹಾಗೆ ಹಿಡಿಯುವುದು, ಒತ್ತಿದರೆ ನೀರು ಹಾವಿನಂತೆ ಬುಸ್ ಎಂದು ಹಾರುವುದು. ಮಳೆಗಾಲವೆಲ್ಲ ಹಸಿರು ಪಾಚಿ ಹತ್ತಿದ ಕಂಪೌಂಡಿನ ಕೆಂಪು ಕಲ್ಲನ್ನು ಅವನು ಅದರಿಂದ ತೊಳೆಯುತ್ತಿದ್ದ. ನೀರಿನ ಪುಡಿ ಗೋಡೆಯ ಮೇಲಿಂದ ಎದ್ದು ಬಿಸಿಲಲ್ಲಿ ತೇಲುತ್ತಿತ್ತು. ಅದರಲ್ಲಿ ಒಂದು ಕಾಮನಬಿಲ್ಲು ಕೂಡ ಇತ್ತು. ನೋಡಲು ಚಂದವೇ. ನಾನೂ ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಆ ಚಂದವೆಲ್ಲ ಎಲ್ಲಿ ಇಳಿಯುತ್ತಿದೆ ಎಂದು ನೋಡಿದೆ. ನನ್ನ ಚಟ್ಲಿಯ ಚಾಪೆಯ ಮೇಲೆ.

ಎರಡು ಬಿಸಿಲು ಕಂಡ ಚಟ್ಲಿ, ಮುಟ್ಟಿದರೆ ಗರಗರ ಎನ್ನುವಂಥದ್ದು, ಹಸಿರು ಎಂಜಲು ಹತ್ತಿಸಿಕೊಂಡು ಮೆತ್ತಗಾಗಿ ಬಿದ್ದಿತ್ತು.

"ಹ್ವಾಯ್ ಶೀನ! ನಿನ್ ಗ್ವಾಡಿ ಕೊಳಿ ತೆಗ್ದ್ ನನ್ ಚಟ್ಲಿಗ್ ಬಳೂಕ್ ನಿಂಗ್ ಯಾರ್ ಹೇಳದ್?"

ಪಂಪಿನ ಸದ್ದಿಗೆ ಅವನಿಗೆ ಕೇಳಲಿಲ್ಲ. ಅವನ ಹೆಂಡತಿ ಜಲಜಳಿಗೆ ಕೇಳಿತು. ಅವಳು ಹಿಟ್ಟಿನ ಕೈಯಲ್ಲೇ ಬಂದಳು.

"ನಾಕ್ ಹನಿ ನೀರ್ ಬಿದ್ದದ್ದಕ್ ಎಂತಕ್ ಊರ್ ಕೂಗ್ ಹಾಕ್ತ್ರಿ ದೊಡ್ಡಮ್ಮ?"

"ನಾಕ್ ಹನಿಯಾ? ಬಾ, ಬಂದ್ ತಿಂದ್ ಕಾಣ್!"

"ನಿಮ್ ಚಟ್ಲಿ ವಾಸ್ನಿ ದಿನಾ ಬೆಳಿಗ್ಗೆ ನಮ್ ದೇವ್ರ್ ಕ್ವಾಣಿ ತನ್ಕ ಬತ್ತ್. ನಾವ್ ಒಂದ್ ದಿನ ಹೇಳಿತಾ?"

ಅವಳು ಹಾಗೆ ಹೇಳಿ ಒಳಗೆ ಹೋದಳು. ಉತ್ತರ ಸಿಗದಾಗ ನನಗೆ ಸಿಟ್ಟು ಹೆಚ್ಚು. ಮಾತು ಬಿಟ್ಟೆ.

ಮಾತು ಬಿಟ್ಟವರಿಗೆ ಯೋಚನೆಗೆ ಸಮಯ ಬಹಳ. ಜಗಲಿಯಲ್ಲಿ ಕೂತು ನೀರಿನ ವಿಷಯವನ್ನೇ ಯೋಚಿಸಿದೆ. ಹಿಂದಿನವರು ಮನೆ ಕಟ್ಟುವಾಗ ಗಡಿಯಿಂದ ಇಷ್ಟು ಜಾಗ ಬಿಡುತ್ತಿದ್ದರು, ತಮ್ಮ ಮಾಡಿನ ಹೆಂಚಿನಿಂದ ಇಳಿದ ನೀರು ತಮ್ಮ ನೆಲಕ್ಕೇ ಬೀಳಲಿ ಎಂದು. ಅಂಗಳದ ನೀರಿಗೆ ತೋಡು ಕಡಿಯುತ್ತಿದ್ದರು. ನೆಲದಲ್ಲಿ ಹರಿಯುವ ನೀರಿಗೆ ದಾರಿ ತೋರಿಸಬಹುದು. ಗಾಳಿಯಲ್ಲಿ ಹೋಗುವ ನೀರಿಗೆ ಯಾರು ತೋಡು ಕಡಿಯುತ್ತಾರೆ? ಅದು ಅರ್ಧ ನೀರು, ಅರ್ಧ ಹೊಗೆ. ಹಿಡಿದುಕೊಂಡು ಹೋಗಿ ಇದು ನಿನ್ನದು ಎಂದು ತೋರಿಸೋಣವೆಂದರೆ ಅಷ್ಟರಲ್ಲಿ ಒಣಗಿರುತ್ತದೆ.

ಶೀನನ ಮನೆ ನಮ್ಮ ಮನೆಯ ಪಡುವಣಕ್ಕೆ. ಮಧ್ಯಾಹ್ನ ಗಾಳಿ ಕಡಲಿನಿಂದ ಏರಿ ಬರುತ್ತದೆ, ಅವರ ನೀರನ್ನು ನನಗೆ ತರುತ್ತದೆ. ಬೆಳಿಗ್ಗೆ ಅದೇ ಗಾಳಿ ತಿರುಗಿ ಕಡಲಿಗೆ ಇಳಿಯುತ್ತದೆ, ಹೋಗುವಾಗ ನನ್ನ ಚಟ್ಲಿಯ ವಾಸನೆಯನ್ನು ಅವರ ಮನೆಯೊಳಗೆ ಹಾಯಿಸಿಕೊಂಡು ಹೋಗುತ್ತದೆ. ಅಂದರೆ ನಾನು ಎದ್ದ ಕೂಡಲೇ ಕಳಿಸಿದ್ದಕ್ಕೆ ಮಧ್ಯಾಹ್ನ ಜವಾಬು ಬಂದಿದೆ. ನನ್ನ ಮೂಗಿಗೆ ಆ ವಾಸನೆ ಹತ್ತುವುದೇ ಇಲ್ಲ. ಮೀನಿನ ಬುಟ್ಟಿ ಹೊತ್ತ ಮೂಗು ಇದು. ಆದರೆ ಜಲಜಳ ಮೂಗು ಹೊತ್ತದ್ದು ಹುಲ್ಲು, ಸಗಣಿ, ಬತ್ತ. ಈ ಸತ್ಯ ನನಗೆ ಸ್ವಲ್ಪವೂ ರುಚಿಸಲಿಲ್ಲ. ಬಾಯಿಗೆ ಬಿದ್ದ ಪಾಚಿಯೇ ವಾಸಿ.

ಹೀಗೆ ಕೆಲವು ದಿನ ಕಳೆದ ಮೇಲೆ, ಒಂದು ಸಂಜೆ ಬಸ್ಸಿಳಿದು ಬಂದ ಸೊಸೆ, ಚೀಲ ಇಡುವ ಮೊದಲೇ ನನ್ನ ಮುಖ ನೋಡಿ ಕೇಳಿದಳು.

"ಅತ್ತೆ, ಅವ್ರತ್ರ ಇನ್ನೂ ಮಾತಿಲ್ಯಾ? ಹೊಸ್ತ್ ಬಂತಲೆ. ಕದ್ರ್ ಎಲ್ಲಿಂದ ತಪ್ದ್?"

ಅದೇ ನನ್ನ ಹೊಟ್ಟೆಯಲ್ಲೂ ಕೂತಿದ್ದ ಮಾತು. ಹೊಸ್ತು ಎಂದರೆ ಹೊಸ ಅಕ್ಕಿಯ ಊಟದ ದಿನ. ಬೆಳಕು ಹರಿಯುವಾಗ ಗದ್ದೆಯಿಂದ ಕದಿರು, ಅಂದರೆ ಬತ್ತದ ತೆನೆ, ತಂದು ಪೂಜೆ ಮಾಡಿ, ಬಾಗಿಲಿಗೆ, ಬಾವಿಯ ರಾಟೆಗೆ, ತುಳಸಿಗೆ, ಕೆಲಸದ ಸಾಮಾನುಗಳಿಗೆಲ್ಲ ಕಟ್ಟುವುದು. ನಮಗೆ ಗದ್ದೆಯಿಲ್ಲ. ನಾನು ಈ ಮನೆಗೆ ಮದುವೆಯಾಗಿ ಬಂದಂದಿನಿಂದ ನಮ್ಮ ಕದಿರು ಬರುವುದು ಶೀನನ ಗದ್ದೆಯಿಂದ. ಅವನ ತಾಯಿ ಇರುವಾಗಲೂ ಗೋಡೆಯ ಮೇಲಿಂದಲೇ ಕೊಡುತ್ತಿದ್ದಳು. ಗೋಡೆ ಇಲ್ಲದ ಕಾಲದಲ್ಲಿ ಬೇಲಿಯ ಸಂದಿಯಿಂದ.

"ಸಾಸ್ತಾನದ ಪ್ಯಾಟಿಯಂಗ್ ಕಟ್ಟ್ ಕಟ್ಟಿ ಮಾರತ್ರ್. ತಕಂಡ್ ಬರ್ಲಾ?" ಎಂದಳು ಸೊಸೆ.

"ನಾನ್ ಸತ್ ಮೇಲ್ ತಕಂಡ್ ಬಾ" ಎಂದೆ.

ಪೇಟೆಯ ಕದಿರೂ ಬತ್ತವೇ, ನನಗೆ ಗೊತ್ತು. ಆದರೆ ಅದನ್ನು ಬಾಗಿಲಿಗೆ ಕಟ್ಟಿದರೆ ಬೀದಿಯಲ್ಲಿ ಹೋಗುವವರಿಗೆಲ್ಲ ಬಾಗಿಲೇ ಹೇಳುತ್ತದೆ, ಈ ಮನೆಗೆ ನೆರೆಮನೆ ಇಲ್ಲ ಎಂದು.

ಮಾರನೆಯ ಮಧ್ಯಾಹ್ನ, ಅದೇ ಜಗಲಿಯಲ್ಲಿ, ಅರ್ಧ ಕಣ್ಣು ಮುಚ್ಚಿರುವಾಗ ಗೋಡೆಯ ನೆತ್ತಿ ಕಾಣಿಸಿತು. ಅರ್ಧ ಕೆಂಪು, ಅರ್ಧ ಹಸಿರು. ನಾನು ಕೂಗಿದಾಗ ಪಂಪು ಎಲ್ಲಿಗೆ ಬಂದಿತ್ತೋ ಅಲ್ಲಿಗೇ ನಿಂತಿತ್ತು. ಆ ಮೇಲೆ ಒಂದು ದಿನವೂ ಅದರ ಸದ್ದು ಕೇಳಿಲ್ಲ. ನಾನು ಇಷ್ಟು ದಿನ ಅದನ್ನು ನೋಡುತ್ತಲೇ ಇದ್ದೆ, ಕಂಡದ್ದು ಈಗ. ಹಬ್ಬ ಬಂದರೂ ಅವರು ಗೋಡೆಯನ್ನು ಹಾಗೇ ಬಿಟ್ಟಿದ್ದರು.

ಎದ್ದು ಅಟ್ಟ ಹತ್ತಿದೆ. ಈ ಮೊಣಕಾಲಿನಲ್ಲಿ ಹತ್ತಬಾರದು, ಹತ್ತಿದೆ. ಅಲ್ಲಿ ನಮ್ಮ ದೋಣಿಯ ಟರ್ಪಾಲು ಇತ್ತು. ನೆನಪಿಗೆಂದು ಇಟ್ಟದ್ದಲ್ಲ, ದೋಣಿ ಕೊಂಡವನು ಇದು ಬೇಡ ಎಂದದ್ದಕ್ಕೆ ಉಳಿದದ್ದು. ಎಳೆದುಕೊಂಡು ಬಂದು ಗೋಡೆಯ ಮೇಲೆ ಎಸೆದೆ.

"ಹ್ವಾಯ್ ಶೀನ! ನಿನ್ ಗ್ವಾಡಿ ಅರ್ಧ ಬೋಳ್ಸಿದ್ ತಲಿ ಕಂಡಂಗ್ ಇತ್ತಲಾ! ಹೊಸ್ತಿಗೂ ಹೀಂಗೇ ಇಡ್ತ್ಯಾ?"

ಶೀನ ದನದ ಹಟ್ಟಿಯಿಂದ ಇಣುಕಿದ. "ಎಂತ ಮಾಡುದ್ ದೊಡ್ಡಮ್ಮ? ತೊಳದ್ರೆ ನೀವ್ ಬೈತ್ರಿ, ತೊಳಿದಿರೆ ಇವ್ಳ್ ಬೈತ್ಳ್."

"ಇದನ್ನ್ ನಮ್ಮ್ ಬದಿಗ್ ಕಟ್ಟಿ ತೊಳಿ. ನೀರ್ ಹಾರ್ಸೂ ಮುಂಚೆ ನಂಗೊಂದ್ ಕೂಗ್ ಹಾಕ್."

ಜಲಜ ಒಳಗಿನಿಂದಲೇ ಹೇಳಿದಳು, "ಅದ್ರಂಗ್ ಇಲಿ ಇತ್ತಾ ಕಾಣಿ ಮೊದ್ಲ್."

"ಇದ್ರೆ ನಿನ್ ಗಂಡನ್ ಪಂಪಿಗ್ ಹೆದ್ರಿ ಓಡತ್ತ್" ಎಂದೆ. ಒಳಗೆ ನಗು ಕೇಳಿತು. ನಕ್ಕದ್ದು ನನ್ನ ಮಾತಿಗೋ ನನಗೋ ಗೊತ್ತಿಲ್ಲ, ಕೇಳಲೂ ಇಲ್ಲ.

ಪಂಪು ಶುರುವಾಯಿತು. ನೀರು ಟರ್ಪಾಲಿಗೆ ಬಡಿಯುವ ಸದ್ದು, ಗಾಳಿಗೆ ಅದು ಉಬ್ಬಿ ಮತ್ತೆ ತಗ್ಗುವ ಸದ್ದು. ನಾನು ಜಗಲಿಗೆ ಬಂದು ಕೂತೆ. ನಿದ್ದೆ ಬರಲಿಲ್ಲ, ಎಚ್ಚರವೂ ಇರಲಿಲ್ಲ. ಅಂಗಳ ಮೆಲ್ಲಗೆ ತೂಗಿದ ಹಾಗೆ, ಕಂಬ ಹಗ್ಗ ಬಿಚ್ಚಿಕೊಂಡು ಹೊರಟ ಹಾಗೆ. ದೋಣಿಯ ಒಳಗೆ ಕೂತವರಿಗೆ ಇದೇ ಸದ್ದು ಕೇಳುತ್ತಿತ್ತೋ ಏನೋ. ನನ್ನ ಗಂಡ ಒಮ್ಮೆಯೂ ಹೇಳಿದವನಲ್ಲ, ನಾನೂ ಕೇಳಿದವಳಲ್ಲ. ಒಂದು ಹನಿಯೂ ಈಚೆಗೆ ಬರಲಿಲ್ಲ. ಆದರೂ ಬಾರದ ನೀರಿಗೆ ಮುಖ ಒಡ್ಡಿಕೊಂಡು ಕೂತೇ ಇದ್ದೆ.

ಗೋಡೆ ಕೆಂಪಾಯಿತು. ಆದರೆ ಕದಿರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೇಳಿ ಪಡೆಯುವ ವಸ್ತುವಲ್ಲ ಅದು. ಹೊಸ್ತಿನ ದಿನ ಸೊಸೆ ಮಣೆ ಇಟ್ಟು, ಮಾವಿನೆಲೆ ತೊಳೆದಿಟ್ಟು ನನ್ನ ಮುಖ ನೋಡಿದಳು. ನಾನು ತುಳಸಿಯ ಬುಡದಲ್ಲಿ ಇಲ್ಲದ ಕಳೆ ಕೀಳುತ್ತಿದ್ದೆ. ಆಗ ಗೋಡೆಯ ಆಚೆ ಬಳೆಯ ಸದ್ದಾಯಿತು.

"ದೊಡ್ಡಮ್ಮ, ಕದ್ರ್ ತಕಣಿ. ಎರಡೂ ಕೈ ಕೊಡಿ."

ಕೊಟ್ಟೆ. ಇಬ್ಬನಿಗೆ ನೆನೆದು ತಣ್ಣಗಿತ್ತು. ಜಲಜಳ ಬೆನ್ನ ಹಿಂದೆ, ಅವರ ಅಂಗಳದಲ್ಲಿ, ಪಂಪಿನ ಕುತ್ತಿಗೆಗೂ ಒಂದು ಕದಿರು ಕಟ್ಟಿದ್ದು ಕಂಡಿತು. ನಗು ತಡೆಯಲಿಲ್ಲ.

"ನಗ್ಬೇಡಿ. ಕದ್ರ್ ಕಟ್ಟಿದ್ ಪಂಪ್ ಅದ್. ಇನ್ ನಿಮ್ ಮೈಗ್ ಬಿದ್ರೆ ತೀರ್ಥ."

"ತೀರ್ಥ ಆರೆ ಕೈಗ್ ಕೊಡುಕ್ ಹೇಳ್ ನಿನ್ ಗಂಡನಿಗ್. ಬಾಯಿಗ್ ಹೊಡುದ್ ಬ್ಯಾಡ."

ಬಾಗಿಲಿಗೆ, ರಾಟೆಗೆ, ತುಳಸಿಗೆ ಕಟ್ಟಿ ಉಳಿದ ಒಂದು ಕದಿರನ್ನು ಟರ್ಪಾಲಿನ ಹಗ್ಗಕ್ಕೆ ಕಟ್ಟಿದೆ. ಟರ್ಪಾಲು ಈಗ ಗೋಡೆಯ ಮೇಲೆಯೇ ಇದೆ, ಬೆಳಿಗ್ಗೆ ಆಚೆಗೆ ಉಬ್ಬುತ್ತದೆ, ಮಧ್ಯಾಹ್ನ ಈಚೆಗೆ. ನನ್ನ ಚಟ್ಲಿಯ ವಾಸನೆಯನ್ನೂ ಅದು ಸ್ವಲ್ಪ ತಡೆಯುತ್ತದೆ ಎಂದು ಜಲಜ ಹೇಳುತ್ತಾಳೆ. ನಿಜವಿರಲಿಕ್ಕಿಲ್ಲ.

ಚಟ್ಲಿಯ ಚಾಪೆಯನ್ನು ಮಾತ್ರ ಒಂದು ಮಾರು ಈಚೆಗೆ ಎಳೆದುಕೊಂಡಿದ್ದೇನೆ. ಕದಿರು ಕೊಟ್ಟವರ ಮೇಲೆ ನಂಬಿಕೆ ಇದೆ. ಗಾಳಿ ನನಗೆ ಏನೂ ಕೊಟ್ಟಿಲ್ಲ.