ಲಗಮಣ್ಣ ಮಾಮಾನ ನಿಪ್ಪಾಣಿ ವ್ಯವಹಾರ

ನಮ್ಮ ಲಗಮಣ್ಣ ಮಾಮಾನ ಜೊತೆ ಮಾತಾಡಬೇಕೆಂದರೆ ಮೊದಲು ನಮ್ಮ ಮುಂಗೈ ಅವನಿಗೆ ಒಪ್ಪಿಸಬೇಕಿತ್ತು. ‘ಹೂಂ, ಹೇಳು’ ಎಂದು ಹಿಡಿದವನು ಮಾತು ಮುಗಿಯುವವರೆಗೂ ಬಿಡುತ್ತಿರಲಿಲ್ಲ. ನನ್ನ ಅವ್ವನ ಅಣ್ಣ ಅವನು. ಚಿಕ್ಕೋಡಿಯ ಕುರಿಸಂತೆಯಲ್ಲಿ ದಲಾಲಿ ಮಾಡುತ್ತ ಕೂದಲು ಹಣ್ಣು ಮಾಡಿಕೊಂಡಿದ್ದ. ಆ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ, ಎರಡರ ಮೇಲೂ ಒಂದು ಟವೆಲ್. ಒಳಗೆ ಬೆರಳು ಹಿಡಿದು ಚೌಕಾಸಿ ನಡೆಯುತ್ತದೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಕೊನೆಗೆ ಅಂಗೈಗೆ ಅಂಗೈ ಬಡಿದರೆ ವ್ಯವಹಾರ ಮುಗಿದಂತೆ. ಆಮೇಲೆ ಬೇರೆ ಯಾರು ಬಂದು ಎಷ್ಟು ಆಸೆ ತೋರಿಸಿದರೂ ಮಾಮಾ ತಿರುಗಿ ನೋಡುತ್ತಿರಲಿಲ್ಲ. ‘ಕೈ ಬಿತ್ತಂದ್ರ ಬಿತ್ತು’ ಅನ್ನುತ್ತಿದ್ದ, ಅಷ್ಟೇ.

ಕೈ ಬೀಳುವ ಮೊದಲು ಮಾತ್ರ ಅವನಷ್ಟು ಅನುಮಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವುದು, ಬೆನ್ನು ಒತ್ತುವುದು, ನಾಲ್ಕು ಹೆಜ್ಜೆ ನಡೆಸುವುದು. ಮನೆಗೆ ತಂದ ಬದನೆಕಾಯಿಯನ್ನೂ ಹಾಗೇ ಹಿಚುಕಿ ನೋಡಿ ಅವ್ವನಿಂದ ಬೈಸಿಕೊಳ್ಳುತ್ತಿದ್ದ. ಅಕ್ಕನನ್ನು ನೋಡಲು ಬಂದ ಹುಡುಗನಿಗೆ, ಸ್ವಲ್ಪ ಬಾಗಿಲತನಕ ನಡೆದು ಬರ್ರಿ ಎಂದು ಹೇಳಿದ ಪುಣ್ಯಾತ್ಮ ಇವನೇ. ಹುಡುಗ ಪಾಪ ನಡೆದ. ಅಕ್ಕ ಇವತ್ತಿಗೂ ಅದನ್ನು ಹೇಳಿ ಗಂಡನನ್ನು ಕಾಡುತ್ತಾಳೆ.

ನಾನು ಕರೋಶಿಯಿಂದ ಚಿಕ್ಕೋಡಿಗೆ ಬಸ್ಸಿನಲ್ಲಿ ಓಡಾಡಿ ಬಿಎಸ್ಸಿ ಮುಗಿಸಿದ ಮೇಲೆ ನೆಟ್‌ವರ್ಕಿಂಗ್ ಕಲಿಯುತ್ತೇನೆಂದು ಹಟ ಹಿಡಿದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ, ಸಂಪರ್ಕ ಎಲ್ಲಿ ಕಡಿದಿದೆಯೆಂದು ಹುಡುಕಿ ಸರಿಪಡಿಸುವ ಕೆಲಸ. ಅಪ್ಪ ಬೈಯಲಿಲ್ಲ, ಕೂಗಾಡಲಿಲ್ಲ. ಒಂದು ವರ್ಷ ಕೊಟ್ಟೀನಿ ಅಂದರು. ಅಷ್ಟರಲ್ಲಿ ನೌಕರಿ ಸಿಕ್ಕರೆ ಸರಿ, ಇಲ್ಲದಿದ್ದರೆ ನನ್ನನ್ನು ಸೊಸೆಯಾಗಿ ಕೇಳಿದ್ದ ಬೋರಗಾಂವದ ಮಗ್ಗದ ಮನೆಯವರಿಗೆ ಹೂಂ ಅನ್ನುವುದು. ಅಂದರೆ ಒಂದೇ ಕೋರ್ಸು, ಒಂದೇ ಸಲ. ಆರಿಸುವಾಗ ತಪ್ಪಿದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು. ಒಬ್ಬಳನ್ನೇ ಕಳಿಸಲು ಅಪ್ಪನಿಗೆ ಧೈರ್ಯವಿಲ್ಲ. ಮೋಸ ಹೋಗದ ಮನುಷ್ಯನೆಂದು ಮಾಮಾನನ್ನು ಜೊತೆಗೆ ಹಾಕಿದರು.

ಮೊದಲು ನೋಡಿದ್ದು ಚಿಕ್ಕೋಡಿಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ. ನೆಲದ ತುಂಬ ವೈರು, ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ, ಕಂಪ್ಯೂಟರು ಜೋಡಿಸುವ ಹಳೆಯ ಸ್ವಿಚ್ಚು, ರೂಟರು ಪೆಟ್ಟಿಗೆಗಳು. ಕಲಿಸುವ ಮೇಡಂ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಮಾತಾಡಿದರು. ನೌಕರಿಯ ಭರವಸೆ ಕೊಡುವುದಿಲ್ಲ, ಕೆಲಸ ಕಲಿಸುತ್ತೇನೆ, ಪರೀಕ್ಷೆ ನೀನೇ ಕಟ್ಟಿ ಪಾಸಾಗಬೇಕು ಅಂದರು. ಮಾಮಾನಿಗೆ ಕೂರಲು ಒಂದು ಖುರ್ಚಿ ಕೂಡ ಖಾಲಿ ಇರಲಿಲ್ಲ. ಕೆಳಗಿಳಿದು ಬಂದವನು, ಇದೇನು ಸಾಲೀನೋ ಗುಜರಿ ಅಂಗಡಿಯೋ ಅಂದ.

ನಿಪ್ಪಾಣಿಯ ಸಂಸ್ಥೆ ಹಾಗಲ್ಲ. ಗಾಜಿನ ಬಾಗಿಲು, ಒಳಗೆ ತಂಪು ಗಾಳಿ. ಮ್ಯಾನೇಜರು ಎದ್ದು ನಿಂತು ‘ಬರ್ರಿ ಯಜಮಾನರ’ ಎಂದು ಮೆತ್ತನೆಯ ಖುರ್ಚಿಯನ್ನು ತಾನೇ ಎಳೆದುಕೊಟ್ಟ. ಮಾಮಾ ತನ್ನ ಧೋತರದ ಧೂಳು ಎರಡು ಸಲ ಝಾಡಿಸಿಕೊಂಡು ಕೂತ. ಚಹಾ ಬಂತು. ನೂರಕ್ಕೆ ನೂರು ನೌಕರಿ, ಒಂದೇ ಸೀಟು ಉಳಿದಿದೆ ಎಂದು ಮ್ಯಾನೇಜರು ಹೇಳುತ್ತಿದ್ದಂತೆ ಮಾಮಾ ಹೆಗಲ ಮೇಲಿನ ಟವೆಲ್ ತೆಗೆದ. ಏನು ಮಾಡುತ್ತಾನೆಂದು ನನಗೆ ತಿಳಿಯುವಷ್ಟರಲ್ಲಿ ಮ್ಯಾನೇಜರನ ಕೈ ಹಿಡಿದು, ಮೇಲೆ ಟವೆಲ್ ಹಾಕಿ, ಅಂಗೈಗೆ ಅಂಗೈ ಬಡಿದುಬಿಟ್ಟ. ಮ್ಯಾನೇಜರು ಕಕ್ಕಾಬಿಕ್ಕಿಯಾಗಿ ನಕ್ಕ. ಆಚೆ ಮೇಜಿನ ಹುಡುಗಿಯರೂ ಕಿಸಕ್ಕೆಂದರು. ಮಾಮಾ ಮಾತ್ರ ಸಂತೃಪ್ತ.

ಮರಳಿ ಬರುವಾಗ ಬಸ್ಸಿನಲ್ಲಿ, ಮಾಮಾ, ಅವರು ಕಲಿಸುವ ಸಾಮಾನನ್ನೇ ನಾವು ನೋಡಲಿಲ್ಲವಲ್ಲ ಅಂದೆ. ಅವನ ಮುಖ ಇಳಿದುಹೋಯಿತು. ಜನ್ಮದಲ್ಲಿ ಬಾಯಿ ನೋಡದೆ ಒಂದು ಕುರಿ ಕೊಂಡವನಲ್ಲ. ಇಲ್ಲಿ ಒಂದು ಖುರ್ಚಿ ಮತ್ತು ‘ಯಜಮಾನರ’ ಎಂಬ ಒಂದು ಮಾತಿಗೆ ಕೈ ಬಡಿದು ಬಂದಿದ್ದ. ಅಂಥ ಗಾಜಿನ ಕೋಣೆಯಲ್ಲಿ ಅವನಿಗಾಗಿ ಯಾರೂ ಅದಕ್ಕೆ ಮೊದಲು ಎದ್ದು ನಿಂತಿರಲಿಲ್ಲ. ನನಗೆ ಸಿಟ್ಟು ಬಂತು, ಕರುಳೂ ಚುರುಕ್ ಅಂದಿತು.

ಕಾಲೇಜಿನಲ್ಲಿ ನನಗಿಂತ ಮುಂದಿದ್ದ ವೈಶಾಲಿಗೆ ಮರುದಿನ ಫೋನ್ ಮಾಡಿದೆ. ಅದೇ ನಿಪ್ಪಾಣಿ ಸಂಸ್ಥೆಯಲ್ಲಿ ಕಲಿತವಳು. ಇಡೀ ಕೋರ್ಸು ಪರದೆಯ ಮೇಲೆಯೇ ಮುಗಿಯಿತಂತೆ. ಸಂದರ್ಶನದಲ್ಲಿ ಕೈಗೆ ಕೇಬಲ್ ಕೊಟ್ಟು, ತುದಿ ಕಟ್ಟಿ ಸ್ವಿಚ್ಚಿಗೆ ಹಾಕು ಅಂದಾಗ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲವಂತೆ. ಈಗ ಅವಳು ಮನೆಯಲ್ಲಿದ್ದಳು. ಅವಳ ದನಿ ಕೇಳಿಯೇ ನನಗೆ ನಿದ್ದೆ ಹಾರಿಹೋಯಿತು.

ಮಾಮಾನಿಗೆ ಎಲ್ಲ ಹೇಳಿದೆ, ಚಿಕ್ಕೋಡಿಗೇ ಸೇರುತ್ತೇನೆ ಅಂದೆ. ‘ಕೈ ಬಿದ್ದೈತಿ’ ಎಂದವನು ಅಲ್ಲಿಂದ ನನ್ನ ಜೊತೆ ಮಾತು ಬಿಟ್ಟ. ನಮ್ಮ ಮನೆಗೆ ಬಂದರೂ ಮುಂಗೈ ಹಿಡಿಯಲಿಲ್ಲ. ಅಪ್ಪನದು ಒಂದೇ ಹಾಡು: ದೊಡ್ಡವರು ಕೊಟ್ಟ ಮಾತಿಗೆ ಸೇರು, ಇಲ್ಲದಿದ್ದರೆ ಬೋರಗಾಂವದವರಿಗೆ ಬರಹೇಳುತ್ತೇನೆ. ಅವ್ವ ಕಣ್ಣಲ್ಲೇ ಸುಮ್ಮನಿರು ಅನ್ನುತ್ತಿದ್ದಳು. ನಿಪ್ಪಾಣಿಯಲ್ಲಿ ತರಗತಿ ಶುರುವಾಗುವ ದಿನ ಹತ್ತಿರ ಬಂತು. ಕೊನೆಗೆ ಒಂದು ಮಧ್ಯಾಹ್ನ ಮಾಮಾ ರೊಟ್ಟಿ ಮುರಿಯುತ್ತಿದ್ದಾಗ ನನ್ನ ಬಾಯಿ ತಡೆಯಲಿಲ್ಲ.

‘ನಿನ್ನ ಕೈ ದೊಡ್ಡದೋ, ನನ್ನ ಬಾಳೇ ದೊಡ್ಡದೋ, ಮಾಮಾ?’

ಅವನು ಮುರಿದ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದುಹೋದ. ಅಪ್ಪ ನನ್ನ ಮೇಲೆ ಕೈ ಎತ್ತಿದರು. ಹಾಗೆ ಕೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಕೇಳದಿದ್ದರೆ ನನ್ನ ಗತಿ ಏನಾಗುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತು.

ಎರಡು ದಿನ ಬಿಟ್ಟು ಬೆಳಿಗ್ಗೆ ಮಾಮಾ ಬಾಗಿಲಲ್ಲಿ ನಿಂತು, ನಡಿ ನಿಪ್ಪಾಣಿಗೆ ಅಂದ. ಸೇರಿಸಲು ಕರೆದೊಯ್ಯುತ್ತಾನೋ ಏನೋ ಎಂದು ದಾರಿಯುದ್ದಕ್ಕೂ ನನಗೆ ಅನುಮಾನ. ಈ ಸಲ ಅವನು ಮ್ಯಾನೇಜರು ಎಳೆದ ಖುರ್ಚಿಯಲ್ಲಿ ಕೂರಲಿಲ್ಲ. ‘ಮೊದಲ ಸಾಮಾನ ತೋರಸ್ರಿ’ ಅಂದ. ಆಮೇಲೆ ನೋಡುವಿರಂತೆ ಎಂದು ಮ್ಯಾನೇಜರು ಹೇಳಿದರೂ ಕದಲಲಿಲ್ಲ. ಕೊನೆಗೆ ಒಂದು ಕೋಣೆ ತೆರೆದರು. ಸಾಲಾಗಿ ಕಂಪ್ಯೂಟರು, ಬೇರೇನೂ ಇಲ್ಲ.

‘ನೋಡವಾ, ನಿನಗ ಬೇಕಾದದ್ದು ಐತೇನು?’ ಎಂದು ನನ್ನನ್ನು ಕೇಳಿದ.

ಇಲ್ಲ ಅಂದೆ. ಸ್ವಿಚ್ಚು, ರೂಟರು ಮುಂದೆ ಬರುತ್ತವೆ, ಅಲ್ಲಿಯವರೆಗೆ ಪರದೆಯಲ್ಲೇ ಎಲ್ಲ ಕಲಿಯಬಹುದು ಎಂದು ಮ್ಯಾನೇಜರು ವಿವರಿಸತೊಡಗಿದ. ಮಾಮಾ ಅವನ ಮುಂದೆ ತಲೆ ತಗ್ಗಿಸಿ ನಿಂತ. ಅವನು ತಲೆ ತಗ್ಗಿಸಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

‘ಸಾಹೇಬ್ರ, ಸಾಮಾನ ನೋಡಲಾರದ ಕೈ ಬಡಿದ್ನಿ. ತಪ್ಪ ನಂದ. ನನ್ನ ಕೈ ಹಿಂದಕ್ಕ ತಗೋತೀನಿ, ಸಿಟ್ಟಾಗಬ್ಯಾಡ್ರಿ.’

ಮ್ಯಾನೇಜರು ನಕ್ಕುಬಿಟ್ಟ. ಏನ್ರೀ ಯಜಮಾನರ, ಪ್ರವೇಶವೇ ಆಗಿಲ್ಲ, ಇದಕ್ಕೆಲ್ಲ ಯಾಕಿಷ್ಟು ಅಂದ. ಆ ಸೀಟು ಬೇರೆಯವರಿಗೆ ಹೋಗಿ ಎಷ್ಟೋ ದಿನವಾಗಿತ್ತಂತೆ, ಬೇಕಾದರೆ ಮುಂದಿನ ಬ್ಯಾಚಿಗೆ ಬರ್ರಿ ಅಂದ. ನಾವು ಮನೆಯಲ್ಲಿ ಅನ್ನ ನೀರು ಬಿಟ್ಟು ಒದ್ದಾಡಿದ್ದು ಅವನ ಲೆಕ್ಕದಲ್ಲೇ ಇರಲಿಲ್ಲ. ಮೆಟ್ಟಿಲು ಇಳಿಯುವಾಗ ಮಾಮಾ ಗೋಡೆ ಹಿಡಿದು ಇಳಿದ. ಅಪ್ಪನಿಗೂ ಅವನೇ ಹೇಳಿದ, ಅವಳು ಆರಿಸಿದ್ದೇ ಖರೆ, ಬೋರಗಾಂವದವರಿಗೆ ತಡೀರಿ ಅನ್ನು ಅಂತ.

ಗೊಬ್ಬರದ ವಾಸನೆಯ ಆ ಕೋಣೆಯಲ್ಲಿ ನಾನು ಕೇಬಲ್ ತುದಿ ಕಟ್ಟಿ ಕಟ್ಟಿ ಬೆರಳು ಹರಿದುಕೊಂಡೆ. ವರ್ಷ ತುಂಬುವ ಮೊದಲು ರಾಯಬಾಗ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು, ಈಗಲೂ ಅಲ್ಲಿಯೇ ಇದ್ದೇನೆ. ಹೋದ ಬೇಸಿಗೆಯಲ್ಲಿ ಮಾಮಾ ತೀರಿಕೊಂಡ. ಮಾತಾಡಿಸಲು ಬಂದವರಲ್ಲಿ ತೆಲಸಂಗದ ಮುದುಕ ದಲಾಲನೊಬ್ಬ ನನ್ನ ಪಕ್ಕದಲ್ಲಿ ಕೂತು ಒಂದು ಸಂಗತಿ ಕೇಳಿದ. ಹಿಂದೊಮ್ಮೆ ಲಗಮಣ್ಣ ಇಡೀ ಮಳೆಗಾಲ ಸಂತೆಗೆ ಬಂದೂ ಒಂದು ವ್ಯವಹಾರಕ್ಕೂ ಕೈ ಹಾಕದೆ, ಚಹಾದಂಗಡಿ ಬೆಂಚಿನ ಮೇಲೆ ಕೂತು ಎದ್ದು ಹೋಗುತ್ತಿದ್ದನಂತೆ.

‘ಯಾಕೋ ಅಂದ್ರ, ಒಬ್ಬ ದೊಡ್ಡ ಮನಿಶ್ಯಾಗ ಮಾತ ಮುರದೀನಿ, ಈ ಹಂಗಾಮ ನನಗ ಕೈ ಇಲ್ಲ ಅಂದ. ಯಾಂವ ಅಂವ? ನಿನಗೇನರ ಗೊತ್ತೈತೇನವಾ?’

ನಾನು ಆ ಮಳೆಗಾಲವೆಲ್ಲ ಹೊಸ ಕೆಲಸ ಕಲಿಯುವ ಖುಷಿಯಲ್ಲಿದ್ದೆ. ಮಾಮಾ ವಾರವಾರವೂ ಸಂತೆಗೆ ಹೋಗುತ್ತಾನೆ, ಎಂದಿನಂತೆ ದುಡಿಯುತ್ತಿದ್ದಾನೆ ಅಂದುಕೊಂಡಿದ್ದೆ. ಮುದುಕ ಉತ್ತರಕ್ಕೆ ಕಾಯುತ್ತಿದ್ದ. ನಿಪ್ಪಾಣಿಯ ಆ ದೊಡ್ಡ ಮನುಷ್ಯನಿಗೆ ನನ್ನ ಮಾಮಾನ ಹೆಸರೂ ಗೊತ್ತಿರಲಿಲ್ಲ ಎಂದು ಹೇಳಲು ನನ್ನಿಂದ ಆಗಲಿಲ್ಲ. ಗೊತ್ತಿಲ್ಲ ಕಾಕಾ ಅಂದು, ಎದ್ದು ಹಿತ್ತಲಿಗೆ ಹೋಗಿ ಸಾಕಾಗುವಷ್ಟು ಅತ್ತೆ.