ಅಕ್ಕ ಕೇಳುತ್ತಿದ್ದ ಮಾತು

ಅಕ್ಕನ ಅಂಗೈ ಸದಾ ಔಡಲೆಣ್ಣೆಯಿಂದ ಹೊಳೆಯುತ್ತಿತ್ತು. ಕುರಕುಂಟಾದ ಅವಳ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ಎರೆಯುವವಳು ಅವಳೇ. ಅವ್ವ ಸತ್ತ ಮೇಲೆ ನನ್ನನ್ನೂ ಅದೇ ಕೈಯಿಂದ ಬೆಳೆಸಿದಳು. ಮುಂದೆ ತನ್ನ ಮಗಳನ್ನೇ ನನಗೆ ಕೊಟ್ಟಳು. "ಹೊರಗಿನವಗ ಕೊಟ್ಟು ಯಾಕ ಹೆದರ್ಲಿ? ನನ್ನ ತಮ್ಮ ಎಂಥವ ಅಂತ ನನಗ ಗೊತ್ತಿಲ್ಲೇನು?" ಎಂದು ಬಂಧುಗಳ ಮುಂದೆ ಹೇಳಿದ್ದಳು.

ಗೊತ್ತಿರಲಿಲ್ಲ. ಶಹಾಬಾದದ ಕಲ್ಲು ಹೊತ್ತ ಲಾರಿಗಳ ಜೊತೆ ಸೋಲಾಪುರಕ್ಕೆ ಹೋಗಿಬರುತ್ತಿದ್ದ ನಾನು, ಹೆಂಡತಿ ಬಸುರಿದ್ದಾಗಲೇ ಅಲ್ಲಿ ಹೋಗಬಾರದ ಕಡೆ ಹೋದೆ. ಗುಳ್ಳೆ ಎದ್ದವು. ಅಲ್ಲಿನ ಡಾಕ್ಟರು ಹರ್ಪಿಸ್ ಎಂದರು. ಗುಳ್ಳೆ ಒಣಗಿದರೂ ರೋಗ ಒಳಗೇ ಇರುತ್ತದೆ, ಹೆಂಡತಿಗೆ ತಗುಲಿದರೆ ಹೆರಿಗೆಯಲ್ಲಿ ಕೂಸಿಗೂ ಹತ್ತಬಹುದು, ಜೀವಕ್ಕೇ ಬರಬಹುದು, ಹೆರಿಗೆ ಮಾಡಿಸುವ ಡಾಕ್ಟರಿಗೆ ಹೇಳಲೇಬೇಕು ಎಂದರು. ತಲೆಯಾಡಿಸಿ ಬಂದೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದ ಹೆಂಡತಿಗೆ ದಿನ ತುಂಬುವ ಹೊತ್ತಿಗೆ ಕೆಳಗೆ ಗುಳ್ಳೆ ಎದ್ದವು. ನೋಡಲು ಹೋದ ನನಗೆ ಅಕ್ಕ ರೊಟ್ಟಿ ನೀಡುತ್ತ, "ಕಾವಿಗಿ ಎದ್ದಾವ. ನಿನ್ನ ಹೆಂಡ್ತಿ ಶೇಂಗಾ ತಿನ್ನೋದು ಬಿಡವಲ್ಲಳು. ಎಣ್ಣಿ ಹಚ್ಚೀನಿ, ಹೋಗ್ತಾವ" ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ನೋವು ಶುರುವಾದಾಗ ಸೇಡಮ್ಮಿನ ದವಾಖಾನೆಗೆ ಕರೆತಂದೆವು. "ಬ್ಯಾರೆ ಏನರ ತ್ರಾಸ ಅದ ಏನು?" ಎಂದು ನರ್ಸು ಕೇಳಿದಳು. "ಏನಿಲ್ಲವ್ವಾ, ಛಲೋ ಅದಾಳ" ಎಂದಳು ಅಕ್ಕ. ಅಕ್ಕನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದು ಎಲ್ಲ ಹೇಳಿದೆ.

ಕೆನ್ನೆಗೆ ಬಿತ್ತು. "ಆವತ್ತು ರೊಟ್ಟಿ ತಿಂದು ಎದ್ದು ಹೋದ್ಯಲ್ಲೋ, ಭಾಡ್ಯಾ!" ಎಂದವಳೇ ಸೆರಗು ಸಿಗಿಸಿ ಒಳಗೆ ಓಡಿದಳು. ನನ್ನ ಕೆನ್ನೆ ಎಣ್ಣೆಯಾಗಿತ್ತು.

ಡಾಕ್ಟರಮ್ಮ ಪರೀಕ್ಷಿಸಿ, ಗರ್ಭದ ನೀರು ಹೋಗುವ ಮೊದಲೇ ಆಪರೇಷನ್ ಮಾಡಿದರು. ಹೆಣ್ಣುಕೂಸು. ಅದರ ಮೈಮೇಲೆ ಒಂದು ಬೆವರುಸಾಲೆ ಎದ್ದರೂ ಅಕ್ಕ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಏನೂ ಆಗಲಿಲ್ಲ.

ಹೊಟ್ಟೆ ಕೊಯ್ದದ್ದೇಕೆ ಎಂದವರಿಗೆಲ್ಲ "ಕೂಸು ಅಡ್ಡ ಆಗಿತ್ತು" ಎಂದಳು. ನನಗೆ ಮಾತ್ರ, "ಆಕಿಗಿ ನೀನೇ ಹೇಳ್ಬೇಕು. ನಾ ಹೇಳಂಗಿಲ್ಲ" ಎಂದಳು. ಆಮೇಲೆ ಹೋದಾಗಲೆಲ್ಲ, ಚಹಾ ಕೈಗಿಡುತ್ತ, ಮೆಲ್ಲಗೆ ಕೇಳುವಳು:

"ಹೇಳಿದೇನೋ?"

"ಹೇಳ್ತೀನಕ್ಕಾ."

ಹೆಂಡತಿಗೆ ಆಗಾಗ ಮತ್ತೆ ಗುಳ್ಳೆ ಏಳುತ್ತಿದ್ದವು. ಕಾವು ಇರಬೇಕು ಎಂದು ನಾನೂ ಅನ್ನುತ್ತಿದ್ದೆ. ಮಗಳ ಮದುವೆಯಾಯಿತು. ಅಕ್ಕನ ಹಲ್ಲು ಬಿದ್ದವು. ಮಾತು ನಿಂತ ಮೇಲೂ ಕಣ್ಣಿನಲ್ಲೇ ಕೇಳಿದಳು.

ಹೋದ ವರ್ಷ ತೀರಿಕೊಂಡಳು. ಕರ್ಮ ಮುಗಿಸಿ ಮನೆಗೆ ಬಂದವನಿಗೆ, ಇನ್ನು ಕೇಳುವವರಿಲ್ಲ ಎನ್ನುವುದನ್ನೇ ತಡೆದುಕೊಳ್ಳಲಾಗಲಿಲ್ಲ. ಜೋಳ ಹಸನು ಮಾಡುತ್ತ ಕುಳಿತಿದ್ದ ಹೆಂಡತಿಗೆ ಹೇಳಿಬಿಟ್ಟೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತದ. ಡಾಕ್ಟರಮ್ಮ ಆವತ್ತೇ ಹೇಳಿದ್ಲು. ನನಗ ಗೊತ್ತದ ಅಂತ ಅವ್ವಗೂ ಗೊತ್ತಿತ್ತು."

"ಮತ್ತ ನನಗ್ಯಾಕ ಕೇಳ್ತಿದ್ಲು?"

ಅವಳು ಮೊರ ಕೆಳಗಿಟ್ಟಳು.

"ನೀವು ಆಕಿ ಸಾಕಿದ ತಮ್ಮ. ಒಂದಿನ ತಾನೇ ಹೇಳ್ತಾನ ಅಂತ ನಂಬಿದ್ಲು."